ದಾರಿ ತುಳಿಯುವ ಸರದಿ

—ಗುಡುಗು, ಹೌದು, ಗುಡುಗೇ, ಮೂಲಂಗಿಯ ಮೇಲಿದ್ದ ಚಾಕು ಅಲ್ಲೇ ನಿಂತಿತು, ಡಿಸೆಂಬರಿನಲ್ಲಿ ಗುಡುಗಿದರೆ ಅದು ಮಳೆಯದಲ್ಲ, ಸಮುದ್ರದ ಕಡೆಯಿಂದ ಹಿಮವನ್ನು ಎಬ್ಬಿಸಿಕೊಂಡು ಬರುವ ಗುಡುಗು, ಒಂದೇ ಸಲ, ತಗ್ಗಿದ ದನಿಯಲ್ಲಿ, ಅಟ್ಟದ ಮೇಲೆ ಯಾರೋ ಭಾರದ ಪೆಟ್ಟಿಗೆ ಎಳೆದ ಹಾಗೆ, ಆಮೇಲೆ ಏನೂ ಇಲ್ಲ, ಆ ಏನೂ ಇಲ್ಲದ್ದೇ ಕಿಯೊಗೆ ಹೆಚ್ಚು ಕೇಳಿಸಿತು, ಹಿತ್ತಿಲ ಗುಬ್ಬಿಗಳೆಲ್ಲಿ, ಬೆಳಿಗ್ಗೆ ಇದ್ದವಲ್ಲ, ಒಣಹಾಕಿದ ಸೊಪ್ಪಿನ ಮೇಲೆ ಜಗಳವಾಡುತ್ತಿದ್ದವಲ್ಲ, ಈಗ ಒಂದೂ ಇಲ್ಲ, ರೇಡಿಯೊದವನು ಬೆಳಗಿನಿಂದ ಮೂರು ಸಲ ಹೇಳಿದ್ದಾನೆ, ವಾಯವ್ಯದ ಗಾಳಿ, ಬೆಟ್ಟದ ಸೀಮೆಗೆ ಭಾರೀ ಹಿಮ, ಅವನಿಗೇನು, ಪಟ್ಟಣದಲ್ಲಿ ಬೆಚ್ಚಗೆ ಕೂತು ಹೇಳುತ್ತಾನೆ, ಅವನಿಗಿಂತ ಎರಡು ತಿಂಗಳು ಮೊದಲೇ ಕೈಮುಗಿಯುವ ಹುಳ ಹೇಳಿತ್ತು, ಪ್ರತಿವರ್ಷ ಹಿಪ್ಪುನೇರಳೆಯ ಸೊಂಟದೆತ್ತರದ ಕೊಂಬೆಗೆ ಮೊಟ್ಟೆಗೂಡು ಅಂಟಿಸುವ ಹುಳ ಈ ಸಲ ಅವಳ ತಲೆಗಿಂತ ಒಂದು ಮೊಳ ಮೇಲೆ ಅಂಟಿಸಿ ಹೋಗಿತ್ತು, ಹಿಮ ಎಲ್ಲಿಯ ತನಕ ಏರುತ್ತದೆಂದು ಅದಕ್ಕೆ ಯಾರು ಹೇಳಿಕೊಡುತ್ತಾರೋ, ಮನುಷ್ಯರಿಗಂತೂ ಹೇಳುವುದಿಲ್ಲ, ಅವಳು ಕತ್ತೆತ್ತಿ ಆ ಗೂಡನ್ನು ನೋಡಿದ ದಿನ ಬೆನ್ನಿನಲ್ಲಿ ಏನೋ ತಣ್ಣಗೆ ಹರಿದಿತ್ತು, ಭಯ ಎನ್ನಲಾರಳು, ದೇಗುಲದ ಬಾಗಿಲು ತೆರೆದಾಗ ಒಳಗಿನ ಕತ್ತಲನ್ನು ನೋಡಿದರೆ ಆಗುತ್ತದಲ್ಲ, ಅದು. ಕಿಟಕಿಗಳಿಗೆ ಹಲಗೆ ಹೊಡೆದಾಗಿದೆ, ಮರಗಳಿಗೆ ಹುಲ್ಲಿನ ಹಗ್ಗ ಬಿಗಿದಾಗಿದೆ, ಗಜ್ಜರಿ ಮಣ್ಣಿನಡಿ ಹೋಗಿದೆ, ಗಂಡ ಮಸಾಜಿ ಎಂದಿನಂತೆ ನವೆಂಬರಿನಲ್ಲೇ ಬಯಲುಸೀಮೆಗೆ, ಅಕ್ಕಿಯಿಂದ ಸಾಕೆ ಮದ್ಯ ಮಾಡುವವರ ಹತ್ತಿರ ಕೆಲಸಕ್ಕೆ ಹೋಗಿದ್ದಾನೆ, ಮಗಳು ನೊರಿಕೊ ಪಟ್ಟಣದ ಹಾಸ್ಟೆಲ್ಲಿನಲ್ಲಿದ್ದಾಳೆ, ಇನ್ನು ಮನೆಯಲ್ಲಿ ಅವಳು, ಉಪ್ಪಿಗೆ ಹಾಕಿದ ಸೊಪ್ಪಿನ ಪೀಪಾಯಿ, ಮತ್ತು ಬರಲಿರುವುದು. ಅವಳು ಹೆಚ್ಚಿದ ಮೂಲಂಗಿಯನ್ನು ತಟ್ಟೆಗೆ ಹಾಕಿಕೊಂಡು ಪಕ್ಕದ ನಡುಮನೆಗೆ ಹೊರಟಳು.

ನಡುಮನೆ ಎಂದರೆ ಹದಿನೈದು ಹೆಜ್ಜೆ, ಈ ಊರಲ್ಲಿ ಮನುಷ್ಯರಿಗಿಂತ ಮನೆಗಳಿಗೇ ಹೆಸರು ಗಟ್ಟಿ, ಮೇಲ್ಮನೆ, ನಡುಮನೆ, ಕಿಯೊಳ ಕೆಳಮನೆ, ಹನ್ನೊಂದು ಇದ್ದವು, ಈಗ ಆರು, ನಡುಮನೆಯಲ್ಲಿ ಶಿನೊ ಒಬ್ಬಳೇ, ಕಿಯೊಗಿಂತ ಆರು ವರ್ಷ ದೊಡ್ಡವಳು, ಆ ಹದಿನೈದು ಹೆಜ್ಜೆಯಲ್ಲಿ ಕಿಯೊ ಎರಡು ಸಲ ನಿಂತಳು, ಮೊದಲ ಸಲ ಆಕಾಶಕ್ಕೆ, ಇಷ್ಟು ಕೆಳಗೆ ಬಂದಿದೆ, ಬೂದಿಯ ಬಣ್ಣವಲ್ಲ, ಒಲೆ ಆರಿದ ಮೇಲಿನ ಕಲ್ಲಿನ ಬಣ್ಣ, ಎದುರು ಬೆಟ್ಟದ ನೆತ್ತಿಯನ್ನು ಆಗಲೇ ನುಂಗಿದೆ, ದೇವದಾರುಗಳು ಒಂದೆಲೆಯೂ ಅಲುಗದೆ ನಿಂತಿವೆ, ಇಡೀ ಕಣಿವೆ ಉಸಿರು ಹಿಡಿದಿದೆ, ಅವಳೂ ಹಿಡಿದಳು— ಎರಡನೇ ಸಲ ನಿಂತದ್ದು ಶಿನೊಳ ಬಾಗಿಲ ಮೊಳೆಗೆ, ಅಲ್ಲಿ ಹಲಗೆ ತೂಗುತ್ತಿದೆ, ಅಂಗೈ ಎರಡರಷ್ಟು ಉದ್ದದ ಹಲಗೆ, ದಾರಿ ತುಳಿಯುವ ಸರದಿ ಎಂದು ಅದರ ಮೇಲೆ ಯಾವ ಕಾಲದಲ್ಲೋ ಬರೆದದ್ದು ಹೊಗೆ ಹಿಡಿದು ಓದಲಾಗುವುದಿಲ್ಲ, ಓದಬೇಕಾಗಿಯೂ ಇಲ್ಲ, ಹಲಗೆ ಯಾರ ಬಾಗಿಲಲ್ಲಿದೆಯೋ ಆ ಮನೆಯವರು ಮರುದಿನ ಮುಂಜಾನೆ ಎದ್ದು, ಕಾಲಿಗೆ ಕಾಂಜಿಕಿ ಕಟ್ಟಿ, ಬಗ್ಗಿಸಿದ ಕೊಂಬೆಯ ಬಳೆಗೆ ಹಗ್ಗ ಹೆಣೆದ ಅದು ಇಲ್ಲದೆ ಹೊರಟರೆ ಸೊಂಟದ ತನಕ ಹೂತುಹೋಗುವುದೇ ಸೈ, ರಾತ್ರಿ ಬಿದ್ದ ಹಿಮವನ್ನು ತುಳಿದು ತುಳಿದು ಊರಿನಿಂದ ಬೋಳುಗುಡ್ಡದ ಅಡಿ ಹಾದು ಕೆಳಗಿನೂರಿನ ಬಸ್ಸಿನ ರಸ್ತೆಯವರೆಗೆ ದಾರಿ ಮಾಡಬೇಕು, ಸಂಜೆ ಹಲಗೆಯನ್ನು ಮುಂದಿನ ಮನೆಯ ಮೊಳೆಗೆ ತೂಗುಹಾಕಬೇಕು, ಅಷ್ಟೇ ಕಾನೂನು, ಪೊಲೀಸರಿಲ್ಲ, ದಂಡವಿಲ್ಲ, ಆದರೂ ನೂರು ವರ್ಷದಲ್ಲಿ ಯಾರೂ ತಪ್ಪಿಸಿಲ್ಲ ಎನ್ನುತ್ತಾರೆ, ಎನ್ನುತ್ತಾರೆ, ಅವಳಿಗೆ ಗೊತ್ತಿದೆ ಒಬ್ಬಳು ತಪ್ಪಿಸಿದ್ದು, ನಾಳೆ ಮುಂಜಾನೆ ಈ ಆಕಾಶದ ಕೆಳಗೆ ಶಿನೊ ತನ್ನ ಬಾತುಕೊಂಡ ಮಂಡಿ ಎಳೆದುಕೊಂಡು ಬೋಳುಗುಡ್ಡದ ಅಡಿಗೆ ಹೋಗುತ್ತಾಳೆ, ಅದೇ ಗುಡ್ಡ, ಅದೇ ಹಲಗೆ, ಇಲ್ಲ, ಹೋಗಬಾರದು, ಕೇಳಿ ಇಸಿದುಕೊಳ್ಳಬೇಕು, ಆದರೆ ಶಿನೊ ಸರದಿ ಬಿಟ್ಟುಕೊಡುವವಳಲ್ಲ, ಯಾಕೆ ಎಂದು ಕೇಳುತ್ತಾಳೆ, ಯಾಕೆ ಎಂದರೆ ಏನು ಹೇಳುವುದು. ಬಾಗಿಲಲ್ಲಿ ನಿಂತು ಮೈ ತಣ್ಣಗಾಗಿಸಿಕೊಳ್ಳಬೇಡ, ಒಳಗೆ ಬಾ ಎಂದು ಶಿನೊಳ ದನಿ ಬಂತು.

ಒಳಗೆ ಮೇಲ್ಮನೆಯ ಗೆನ್‌ಬೆ ಅಜ್ಜನೂ ಇದ್ದ, ಎಂಬತ್ತಮೂರು ವರ್ಷ, ಒಳಗೆ ಕೆಂಡವಿಟ್ಟು ಹಚ್ಚಡ ಹೊದಿಸಿದ ಗಿಡ್ಡ ಮೇಜಿನಡಿಗೆ ಕಾಲು ತೂರಿ ಅದರ ಬಿಸಿಗೆ ಮುಖ ಕೆಂಪಾಗಿಸಿಕೊಂಡು, ಕೇಳ್ಸಿತಾ ಕೆಳಮನೆಯವಳೇ, ಎಂದ, ಅವನಿಗೆ ಯಾವ ಮಾತೂ ಕೇಳಿಸುವುದಿಲ್ಲ, ಗುಡುಗು ಮಾತ್ರ ಕೇಳಿಸಿದೆ, ಇಪ್ಪತ್ತನೇ ಇಸವೀಲೂ ಹಿಂಗೇ, ಒಂದೇ ಒಂದು ಸಲ ಗುಡುಗಿ ಸುಮ್ಮನಾಯ್ತು, ಇನ್ನು ಶುರು, ಶೋವಾ ದೊರೆಯ ಇಪ್ಪತ್ತನೇ ವರ್ಷದ ಹಿಮದ ಕಥೆ, ಯುದ್ಧದ ಕೊನೆಯ ಚಳಿಗಾಲ, ಊರಲ್ಲಿ ಗಂಡಸರೆಂದರೆ ಮುದುಕರು ಮತ್ತು ಗೆನ್‌ಬೆಯ ಹಾಗೆ ಕಣ್ಣು ಸರಿಯಿಲ್ಲದವರು, ಹನ್ನೆರಡು ದಿನ ಬಿಡದೆ ಬಿತ್ತು, ಕಿಯೊಗೆ ಆಗ ಹದಿನಾರು, ಅವಳು ಸಮುದ್ರದ ದಂಡೆಯ ಹುಡುಗಿ, ಅಲ್ಲಿ ಹಿಮ ಬೀಳುತ್ತಿತ್ತು, ಇಲ್ಲಿಯ ಹಾಗೆ ಆಳುತ್ತಿರಲಿಲ್ಲ, ಆದರೂ ಈ ಕಥೆಯನ್ನು ಎಷ್ಟು ಸಲ ಕೇಳಿದ್ದಾಳೆಂದರೆ ತಾನೇ ಕಂಡ ಹಾಗೆ ಕಾಣುತ್ತದೆ, ಮಾಡಿನ ಕಿಟಕಿಯಿಂದ ಹತ್ತಿ ಹೊರಗೆ ಬರುವುದು, ತಂತಿಕಂಬದ ತಂತಿಯನ್ನು ಹೊಲದ ಬೇಲಿ ದಾಟಿದ ಹಾಗೆ ಕಾಲೆತ್ತಿ ದಾಟುವುದು, ದೇಗುಲದ ಕಲ್ಲು ಕಮಾನಿನ ಮೇಲೆ ಕೂತು ಅಜ್ಜ ಬೀಡಿ ಸೇದಿದ್ದು, ದೇವರ ತಲೆ ಮೇಲೆ ಕೂತವನು ನಾನೊಬ್ಬನೇ, ಅದಕ್ಕೇ ನನ್ನ ಇನ್ನೂ ಕರೀತಿಲ್ಲ ಅವನು, ಊರೇ ಇರಲಿಲ್ಲ ಕಣಮ್ಮ, ಬೆಳಗಾಗೆದ್ದು ನೋಡಿದರೆ ಹನ್ನೊಂದು ಮನೇಲಿ ಒಂದೂ ಇಲ್ಲ, ಬರೀ ಬಿಳಿ, ಅದರಲ್ಲಿ ಹನ್ನೊಂದು ಹೊಗೆ, ಕಿಯೊ ಕಣ್ಣು ಮುಚ್ಚಿದಳು, ಆ ಬಿಳಿ ಮತ್ತು ಅದರೊಳಗಿನಿಂದ ನೆಟ್ಟಗೆ ಏಳುವ ಹನ್ನೊಂದು ಎಳೆ, ಕೆಳಗೆ ಜನ ಗಂಜಿ ಕಾಯಿಸುತ್ತಿದ್ದಾರೆ, ಮಕ್ಕಳು ಕೆಮ್ಮುತ್ತಿದ್ದಾರೆ, ಮೇಲೆ ಯಾರೂ ಇಲ್ಲ. ಆಮೇಲೆ ನನ್ನವಳಿಗೆ ನೋವು ಬಂತು, ಎಂದ ಅಜ್ಜ, ಮಗು ಅಡ್ಡ ಬಂದಿತ್ತು, ವೈದ್ಯರ ಹತ್ತಿರ ಜಾರುಬಂಡೀಲಿ ಎಳಕೊಂಡು ಹೋಗಬೇಕು, ಊರ ಹೆಂಗಸರು ಆರು ಜನ ಹೆಗಲಿಗೆ ಹೆಗಲು ಕೊಟ್ಟು ಅಗಲ ದಾರಿ ತುಳಿದರು, ಒಬ್ಬರು ನಡೆಯೋಕೆ ಒಂದು ಹೆಜ್ಜೆ ಅಗಲ ಸಾಕು, ಬಂಡಿ ಎಳೆಯೋಕೆ ಜೋಡಿ ಹೆಜ್ಜೆ ಬೇಕು, ರೋಗಿಗೋ ಹೆಣಕ್ಕೋ ಬಿಟ್ಟರೆ ಯಾರೂ ಹಂಗೆ ತುಳಿಯಲ್ಲ, ಬೆವರು ಸುಮ್ಮನೆ ಬರುತ್ತಾ. ಶಿನೊ ಅವನ ಬಟ್ಟಲಿಗೆ ಇನ್ನಷ್ಟು ಚಹಾ ಹಾಕಿದಳು.

ಶೋವಾ ಮೂವತ್ತೆಂಟರದ್ದನ್ನು ಎತ್ತದಿರಲಿ, ಎತ್ತದಿರಲಿ, ಎಂದುಕೊಳ್ಳುವಷ್ಟರಲ್ಲಿ ಅಜ್ಜ ಅಲ್ಲಿಗೆ ಬಂದೇಬಿಟ್ಟ, ಇಪ್ಪತ್ತರದ್ದು ಮುಗಿದರೆ ಮೂವತ್ತೆಂಟರದ್ದೇ, ನಡುವೆ ಬಿದ್ದವೆಲ್ಲ ಅವನ ಲೆಕ್ಕದಲ್ಲಿ ಹಿಮವೇ ಅಲ್ಲ, ಆ ಜನವರಿ, ಅದನ್ನು ಕಿಯೊ ಕಂಡಿದ್ದಾಳೆ, ಯಾರ ಬಾಯಿಂದಲೂ ಕೇಳಬೇಕಾಗಿಲ್ಲ, ಬೀಳುತ್ತಿತ್ತು ಎಂದರೆ ಸುಳ್ಳು, ಬೀಳುವುದಕ್ಕೆ ಮೇಲೆ ಕೆಳಗೆ ಎಂದು ಇರಬೇಕಲ್ಲ, ಬಾಗಿಲು ತೆರೆದರೆ ಎದುರಿಗೆ ಹಿಮವೇ ನಿಂತಿರುತ್ತಿತ್ತು, ಬಾಗಿಲಿನ ಸರಳುಗಳ ಗುರುತು ಅದರ ಮೇಲೆ ಅಚ್ಚಾಗಿ ಮೂಡಿರುತ್ತಿತ್ತು, ಮೊದಲ ವಾರ ಮನೆಯೊಳಗಿನ ಬೆಳಕು ನೀಲಿ, ಎಂಥ ನೀಲಿ, ಅಕ್ಕಿ ತೊಳೆಯುವ ಕೈ ಕೂಡ ನೀಲಿ, ಆಮೇಲೆ ಹಗಲೂ ದೀಪ, ಆಮೇಲೆ ತೊಲೆಗಳು ಮಾತಾಡಲು ಶುರುವಾದವು, ಕಿರ್, ಕಿರ್, ಮಾಡಿನ ಮೇಲೆ ಹತ್ತಿ ಹಿಮ ಕೆಡವಿದರೆ ಕೆಡವಲು ಜಾಗವಿಲ್ಲ, ನೆಲ ಮಾಡಿಗಿಂತ ಎತ್ತರ, ಹಿಮವನ್ನು ಮೇಲಕ್ಕೆ ಎಸೆಯಬೇಕು, ಮೇಲಕ್ಕೆ, ಅವಳು ಗುದ್ದಲಿಹಲಗೆ ಹಿಡಿದು ನಿಂತು ಒಮ್ಮೆ ನಕ್ಕೇಬಿಟ್ಟಿದ್ದಳು, ಇಷ್ಟು ದೊಡ್ಡದರ ಎದುರು ಒಂದು ಮರದ ಹಲಗೆ ಹಿಡಿದು ನಿಂತ ಹೆಂಗಸು, ಹೇಳಿಕೊಂಡರೆ ನಗೆಪಾಟಲು, ಆದರೂ ಅದು ಎಷ್ಟು ಚೆಂದ ಇತ್ತು, ಒಂದು ಸಂಜೆ ಅರೆಗಳಿಗೆ ಮೋಡ ಹರಿದು ಸೂರ್ಯ ಬಂದಾಗ ಕಣಿವೆಗೆ ಕಣಿವೆಯೇ ಗುಲಾಬಿಯಾಗಿ, ಒಂದು ಗೆರೆಯಿಲ್ಲ, ಒಂದು ಮೂಲೆಯಿಲ್ಲ, ಮನುಷ್ಯ ಮಾಡಿದ್ದು ಒಂದೂ ಇಲ್ಲ, ಕೈ ತಾನಾಗಿ ಮುಗಿದಿತ್ತು— ತೊಕುಜಿಯಂಥ ಮನುಷ್ಯ ಮತ್ತೆ ಈ ಊರಿಗೆ ಬರಲ್ಲ, ಎನ್ನುತ್ತಿದ್ದಾನೆ ಅಜ್ಜ, ಶಿನೊಳ ಗಂಡನನ್ನು ಕುರಿತ ಮಾತು, ಶಿನೊಳ ಎದುರಿಗೇ, ಪ್ರತಿ ಚಳಿಗಾಲ ಇದನ್ನು ಹೇಳುತ್ತಾನೆ, ಮಗುವಿಗೆ ಜ್ವರ, ನಾಳೆ ನನ್ನ ಸರದಿ, ನೀವು ಹೋಗ್ತೀರಾ ಅಂತ ನೀನು ಕೇಳಿದ ಕೂಡಲೆ ಆಗಲಿ ಅಂದನಲ್ಲ, ಹಿಂದೆಮುಂದೆ ನೋಡಲಿಲ್ಲ, ಅಲ್ವೇನಮ್ಮ, ಎಂದು ಕಿಯೊಳ ಕಡೆ ತಿರುಗಿದ. ಹೌದು ಎಂದು ಅವಳು ಎಂದಿನಂತೆ ತಲೆಯಾಡಿಸಬೇಕು.

ಕೇಳಲಿಲ್ಲ, ಅವಳು ಕೇಳಲೇ ಇಲ್ಲ, ಹದಿನೇಳು ಚಳಿಗಾಲ ಕಳೆದರೂ ಆ ಸಂಜೆ ಮಾತ್ರ ಕಳೆದಿಲ್ಲ, ಹಲಗೆ ಅವಳ ಮೊಳೆಯಲ್ಲಿದೆ, ಎಂಟು ತಿಂಗಳ ನೊರಿಕೊ ಕೆಂಡವಾಗಿದ್ದಾಳೆ, ಮಸಾಜಿ ಬಯಲುಸೀಮೆಯಲ್ಲಿ, ಸರದಿ ಬದಲಿಸಿಕೊಳ್ಳಲು ಕೇಳಬಹುದು, ಕೇಳುವುದು ತಪ್ಪಲ್ಲ, ಆದರೆ ಆ ತಿಂಗಳಲ್ಲಿ ಆಗಲೇ ಎರಡು ಸಲ ಕೇಳಿದ್ದಳು, ಮೇಲ್ಮನೆಯ ಸೊಸೆ ಬಾವಿಯ ಹತ್ತಿರ ಎಲ್ಲರಿಗೂ ಕೇಳುವ ಹಾಗೆ, ಕೆಳಮನೆಯ ಕಾಂಜಿಕಿ ಗೋಡೆಗೆ ಅಂದವಾಗಿ ಕಾಣ್ತವೆ ಬಿಡಿ, ಎಂದು ನಕ್ಕಿದ್ದಳು, ಮೂರನೇ ಸಲ ಬಾಯಿ ಬರಲಿಲ್ಲ, ಮುಸ್ಸಂಜೆಯಲ್ಲಿ ಹಲಗೆಯನ್ನು ಎದೆಗೆ ಅವುಚಿಕೊಂಡು, ಹಿಮದಲ್ಲಿ ಅಗೆದಿದ್ದ ಓಣಿಯಲ್ಲಿ ಹದಿನೈದು ಹೆಜ್ಜೆ ಹೋಗಿ, ಬಾಗಿಲು ತಟ್ಟದೆ, ಉಸಿರೂ ಬಿಡದೆ ನಡುಮನೆಯ ಮೊಳೆಗೆ ತೂಗುಹಾಕಿ ಬಂದಳು, ಹಗಲು ರಾತ್ರಿಯೇ ಕಲಸಿಹೋದ ಆ ಹಿಮದಲ್ಲಿ ಸರದಿಯ ಲೆಕ್ಕ ಯಾರಿಗೆ ನೆನಪಿರುತ್ತದೆ, ತೊಕುಜಿ ಹಲಗೆ ನೋಡಿ ತನ್ನದೇ ದಿನ ಎಂದುಕೊಳ್ಳುತ್ತಾನೆ, ತಾಯಿ ಹಾಸಿಗೆ ಹಿಡಿದಿದ್ದರಿಂದ ಆ ವರ್ಷ ಊರಲ್ಲೇ ಉಳಿದಿದ್ದ ಒಬ್ಬನೇ ಗಟ್ಟಿ ಗಂಡಸು, ಅವನಿಗೇನು ಭಾರ, ಎಂದುಕೊಂಡಳು, ಹೀಗೇ ಎಂದುಕೊಂಡಳು, ಬೆಳಗಿನ ಹೊತ್ತಿಗೆ ಎಲ್ಲೋ ಧಪ್ಪೆಂದಿತು, ಯಾರದೋ ಮಾಡಿನ ಹಿಮ ಜಾರಿತೆಂದು ಮಗ್ಗುಲಾದಳು, ಮಗುವಿನ ಕಣ್ಣು ಮೇಲಕ್ಕೆ ಹೋಗತೊಡಗಿದಾಗ ಬೆನ್ನಿಗೆ ಕಟ್ಟಿಕೊಂಡು ಹೊರಬಿದ್ದಳು, ಹಿಮ ನಿಂತಿತ್ತು, ದಾರಿ ಇತ್ತು, ಎಂಥ ದಾರಿ, ಚಾಪೆ ಹಾಸಿದ ಹಾಗೆ ಗಟ್ಟಿಯಾಗಿ ತುಳಿದದ್ದು, ಎರಡು ಹೆಜ್ಜೆ ಅಗಲ, ಒಂದರ ಪಕ್ಕ ಒಂದು ಕಾಂಜಿಕಿಯ ದುಂಡು ಗುರುತು, ಒಂದೂ ಸೊಟ್ಟಗಿಲ್ಲ, ದೊಡ್ಡ ಮೈಯ ಮನುಷ್ಯ, ದೊಡ್ಡ ಕೈಯ ಮನುಷ್ಯ, ಏನು ಮಾಡಿದರೂ ಬೇಕಾದ್ದಕ್ಕಿಂತ ಹೆಚ್ಚೇ ಮಾಡುತ್ತಾನೆ ಎಂದುಕೊಂಡು ಅದರ ಮೇಲೆ ಓಡಿದಳು, ಜೋಡಿ ಗುರುತು, ಜೋಡಿ ಗುರುತು, ಬೋಳುಗುಡ್ಡದ ತಿರುವಿನ ತನಕ, ಅಲ್ಲಿ ಗುರುತು ನಿಂತಿತು, ಮುಂದೆ ಗುಡ್ಡದ ಮೇಲಿನಿಂದ ಜಾರಿಬಿದ್ದ ಹಿಮದ ಬಿಳಿ ಗೋಡೆ, ಮೂರಾಳು ಎತ್ತರ, ನಯವಾಗಿ, ಯಾವಾಗಲೂ ಅಲ್ಲೇ ಇದ್ದಂತೆ. ಅವಳು ಕೂಗಿಕೊಂಡು ಹಿಂದಿರುಗಿ ಊರವರು ಸೇರುವಷ್ಟರಲ್ಲಿ ಮತ್ತೆ ಹಿಮ ಸುರಿದು ಆ ಗುರುತನ್ನು ಮುಚ್ಚಿತು, ಅವಳ ಹೊರತು ಅದನ್ನು ಯಾರೂ ನೋಡಲಿಲ್ಲ, ಮಗುವಿನ ಜ್ವರ ಸಂಜೆಗೆ ತಾನಾಗಿ ಬೆವರಿ ಇಳಿಯಿತು, ಅದೊಂದು ತಮಾಷೆ, ನಿನ್ನ ಸರದಿಯಲ್ಲವಾ ಇವತ್ತು ಎಂದು ಯಾರೋ ಕೇಳಿದರು, ಬಾಯಿ ತನ್ನಷ್ಟಕ್ಕೇ ಹೇಳಿತು, ಸೌದೆ ಕೊಟ್ಟಿಗೆ ಹತ್ತಿರ ತೊಕುಜಿ ಅಣ್ಣನ್ನ ಕೇಳಿದೆ, ಆಗಲಿ ಅಂದರು, ಶಿನೊ ಅಲ್ಲೇ ನಿಂತಿದ್ದಳು. ಏಪ್ರಿಲಿನಲ್ಲಿ ಹಿಮ ಕರಗಿದಾಗ ಅವನು ಸಿಕ್ಕಿದ.

ಅಲ್ವೇನಮ್ಮ ಎಂದ ಅಜ್ಜನಿಗೆ ಈ ಸಲ ಅವಳು ತಲೆಯಾಡಿಸಲಿಲ್ಲ, ಅವನು ಕಾಯಲೂ ಇಲ್ಲ, ಕತ್ತಲಾಗುವ ಮೊದಲು ಮನೆ ಸೇರ್ಕೋತೀನಿ ಎಂದು ಗೋಡೆ ಹಿಡಿದು ಎದ್ದು, ಎಲ್ಲರೂ ಹಗ್ಗ, ಗುದ್ದಲಿಹಲಗೆ ಒಳಗೆ ಇಟ್ಕೊಳ್ರಿ, ಹೊರಗಿಟ್ಟರೆ ಮಾರ್ಚಿಗೇ ಸಿಗೋದು ಎಂದು ಬುದ್ಧಿ ಹೇಳಿ ಹೋದ, ಈಗ ಇಬ್ಬರೇ, ಹಚ್ಚಡದಡಿ ನಾಲ್ಕು ಕಾಲು, ಶಿನೊ ಬಾತ ಮಂಡಿಯನ್ನು ಮೆಲ್ಲಗೆ ಉಜ್ಜುತ್ತಿದ್ದಾಳೆ, ಹೊರಗೆ ಎಷ್ಟು ಮೌನ, ಎಲ್ಲ ಶಬ್ದಗಳನ್ನೂ ಯಾರೋ ಗುಡಿಸಿ ಒಯ್ದಿದ್ದಾರೆ, ನಾಳೆ ನಾನು ಹೋಗ್ತೀನಿ ಶಿನೊ ಅಕ್ಕ, ಎಂದಳು ಕಿಯೊ, ಬೇಡ, ಹಲಗೆ ನನ್ನ ಬಾಗಿಲಲ್ಲಿದೆ, ಎಂದಳು ಶಿನೊ, ಮಂಡಿ ಹೀಗಿದೆ, ಹಿಮ ಹಾಗೆ ಬರ್ತಿದೆ, ಹಿಮ ಯಾವಾಗ ಹಾಗೆ ಬರಲಿಲ್ಲ, ನನ್ನ ಸರದಿ ನನ್ನದು, ಮಾತು ಅಲ್ಲಿಗೆ ಮುಗಿದುಹೋಗುತ್ತದೆ, ಹದಿನೇಳು ವರ್ಷದಿಂದ ಎಲ್ಲ ಮಾತೂ ಹೀಗೆ ಒಂದು ಹೆಜ್ಜೆ ಮೊದಲೇ ಮುಗಿದಿದೆ, ಉಪ್ಪಿನ ಸೊಪ್ಪು, ಬೆನ್ನುನೋವು, ನೊರಿಕೊಳ ಪರೀಕ್ಷೆ, ಇವತ್ತೂ ಮುಗಿದರೆ ನಾಳೆ ಇವಳು ಆ ತಿರುವಿಗೆ ಹೋಗುತ್ತಾಳೆ, ಕಿಯೊ ಮೇಜಿನ ಮೇಲಿನ ಮೂಲಂಗಿಯನ್ನೇ ನೋಡುತ್ತ, ಆ ವರ್ಷ ನಾನು ಅವರನ್ನ ಕೇಳಲಿಲ್ಲ, ಸೌದೆ ಕೊಟ್ಟಿಗೆ ಹತ್ತಿರ ನಾನು ಹೋಗೇ ಇರಲಿಲ್ಲ, ನನ್ನ ಸರದಿ, ಕತ್ತಲಾಗ್ತಿದ್ದಾಗ ಕದ್ದು ಬಂದು ನಿಮ್ಮ ಮೊಳೆಗೆ ಹಾಕಿದೆ, ಅವರು ತಮ್ಮದೇ ಸರದಿ ಅಂದ್ಕೊಂಡು ಹೋದರು, ಎಂದಳು, ಹೇಳಿ ಆಯಿತು, ಇಷ್ಟು ಸಣ್ಣದಾಗಿ ಹೇಳಿ ಆಗುವಂಥದ್ದಾಗಿತ್ತೇ ಇದು. ಶಿನೊ ಮಂಡಿ ಉಜ್ಜುವುದನ್ನು ನಿಲ್ಲಿಸಲಿಲ್ಲ.

ಗೊತ್ತು, ಎಂದಳು ಶಿನೊ, ಹಸಿಹಿಮದ ಮೇಲೆ ಹೆಜ್ಜೆ ಇರಲ್ವಾ, ನಿಮ್ಮ ಬಾಗಿಲಿಂದ ನಮ್ಮ ಬಾಗಿಲಿಗೆ, ನಮ್ಮ ಬಾಗಿಲಿಂದ ನಿಮ್ಮ ಬಾಗಿಲಿಗೆ, ಅವರು ಹಲಗೆ ಕೈಯಲ್ಲಿ ಹಿಡ್ಕೊಂಡು ಅದನ್ನ ನೋಡ್ತಾ ನಿಂತಿದ್ದರು, ನಾನೇ ಅಂದೆ, ಇದು ನಮ್ಮ ದಿನ ಅಲ್ಲ, ಹೋಗಿ ಅವಳ ಮೊಳೆಗೇ ಹಾಕಿ ಬನ್ನಿ ಅಂತ, ಸಿಟ್ಟು ಬಂದಿತ್ತು ನಂಗೆ, ಎಂದು ತಡೆದು, ಬಟ್ಟಲಲ್ಲಿ ಉಳಿದಿದ್ದ ತಣ್ಣನೆ ಚಹಾ ಕುಡಿದು, ಆದರೆ ಅವರು, ಬಿಡು, ಮಗು ಅಳೋದು ಗೋಡೆ ದಾಟಿ ಕೇಳ್ತಿದೆ ಅಂದರು, ಊಟ ಆದಮೇಲೆ ಜಾರುಬಂಡಿ ಇಳಿಸಿ ಒರೆಸಿ ಬಾಗಿಲ ಹತ್ತಿರ ಇಟ್ಟರು, ಬೆಳಿಗ್ಗೆ ಹೊರಟರು, ಅಷ್ಟೇ, ಕಿಯೊಗೆ ಕೇಳಿಸುತ್ತಿದೆ, ಕೇಳಿಸುತ್ತಿಲ್ಲ, ಹಾಗಾದರೆ ಮೋಸ ಹೋಗಲಿಲ್ಲ, ಅವನು ಸರದಿ ಎಣಿಸಿದ್ದ, ಗೊತ್ತಿದ್ದೇ ಕಾಂಜಿಕಿ ಕಟ್ಟಿದ್ದ, ಮತ್ತೆ ಇವಳು, ಅಂದು ಎಲ್ಲರೆದುರು ನನ್ನ ಸುಳ್ಳು ಕೇಳಿ ಸುಮ್ಮನೆ ನಿಂತವಳು, ಯಾಕೆ ಹೇಳಲಿಲ್ಲ ಅಕ್ಕ ನೀವು, ನಾನ್ಯಾಕೆ ಹೇಳಲಿ, ಎಂದಳು ಶಿನೊ, ನೀನು ಹೇಳ್ತೀಯ ಅಂತ ಹದಿನೇಳು ಚಳಿಗಾಲ ಚಹಾ ಕಾಯಿಸಿದ್ದೀನಿ, ಕೆಲವು ಸಲ ನಿನ್ನ ಬಟ್ಟಲು ತೊಳೆಯೋವಾಗ ಒಡೆದುಹಾಕ್ಬೇಕು ಅನ್ನಿಸೋದು, ಕಿಯೊ ಬಗ್ಗಿದಳು, ಹಣೆ ಚಾಪೆಗೆ ತಾಗುವಷ್ಟು, ಏಳಲಿಲ್ಲ, ಶಿನೊ ಏಳು ಎನ್ನಲೂ ಇಲ್ಲ, ಆಮೇಲೆ ಬಾಗಿಲು ಸರಿದ ಸದ್ದು, ಕುಂಟುವ ಕಾಲಿನ ಸದ್ದು, ಹಣೆಯ ಪಕ್ಕದಲ್ಲಿ ಚಾಪೆಯ ಮೇಲೆ ಹಲಗೆ ಬಂದು ಕೂತಿತು. ತಗೊಂಡು ಹೋಗು, ಈ ಸಲ ಕೇಳಿದ್ದೀಯ, ಎಂದಳು ಶಿನೊ.

ಹೊರಗೆ ಶುರುವಾಗಿತ್ತು, ಸದ್ದಿಲ್ಲದೆ, ಗಾಳಿಯಿಲ್ಲದೆ, ಕಣ್ಣು ಹೋದಷ್ಟು ಎತ್ತರದಿಂದ, ನೋಡುತ್ತ ನಿಂತರೆ ಹಿಮ ಇಳಿಯುತ್ತಿಲ್ಲ, ತಾನೇ, ಈ ನೆಲವೇ, ಆರು ಮನೆಗಳೇ ಅದರೊಳಕ್ಕೆ ಏರುತ್ತಿವೆ, ದೇವದಾರುಗಳು ಹೋದವು, ಬೋಳುಗುಡ್ಡ ಹೋಯಿತು, ಅವಳ ಮನೆ ಹದಿನೈದು ಹೆಜ್ಜೆ ದೂರದಲ್ಲಿದ್ದದ್ದು ಇಲ್ಲ, ಇಷ್ಟು ದೊಡ್ಡದು, ಇದಕ್ಕೆ ಯಾರ ಮೇಲೂ ಸಿಟ್ಟಿಲ್ಲ, ಯಾರ ಹೆಸರೂ ಗೊತ್ತಿಲ್ಲ, ಇದರ ಎದುರಿಗೆ ಒಬ್ಬ ಮನುಷ್ಯ ಬರೀ ಎರಡು ಕಾಲು ಇಟ್ಟುಕೊಂಡು ಹೊರಟಿದ್ದ, ನಾಳೆ ಅವಳು ಹೊರಡಬೇಕು, ನಾಲ್ಕು ಗಂಟೆಗೆ ಎದ್ದರೆ ಸಾಕೇ, ಮೂರೂವರೆಗೆ ಏಳಬೇಕು, ಕಾಂಜಿಕಿಯ ಹಗ್ಗ ನೆನೆಸಿಡಬೇಕು, ತಿರುವಿನಲ್ಲಿ ನಿಲ್ಲದೆ, ಮೇಲೆ ನೋಡದೆ, ಬೇಗ ದಾಟಬೇಕು, ಒಬ್ಬರು ನಡೆಯೋಕೆ ಒಂದು ಹೆಜ್ಜೆ ಅಗಲ ಸಾಕು, ಹೌದು, ಒಂದು ಹೆಜ್ಜೆ ತುಳಿದುಕೊಂಡು ಹೋಗಿದ್ದರೆ ಅವನೂ ಬೇಗ ದಾಟಿರುತ್ತಿದ್ದ, ಗುಡ್ಡ ಜಾರುವ ಹೊತ್ತಿಗೆ ಆಚೆ ಇರುತ್ತಿದ್ದ, ಕೆಳಗಿನೂರಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದ, ಒಂದೊಂದೇ ಹೆಜ್ಜೆ ಹಾಕಿದ್ದರೆ, ಆದರೆ ಅಗಲ ಇತ್ತಲ್ಲ, ಜಾರುಬಂಡಿ ಬಾಗಿಲಲ್ಲಿತ್ತು, ದೊಡ್ಡ ಮೈಯವನೆಂದಲ್ಲ, ಹೆಚ್ಚು ಮಾಡುವವನೆಂದಲ್ಲ, ಬಂಡಿ ಹಿಡಿಸುವಷ್ಟು, ಒಬ್ಬ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವಷ್ಟು ಅಗಲ, ಅಳೆದು ತುಳಿದದ್ದು, ಅವಳು ಅದರ ಮೇಲೇ ಓಡಿದ್ದಳು, ಅವಳಿಗೆಂದೇ ಮಾಡಿದ್ದರ ಮೇಲೆ, ಒಂದರ ಪಕ್ಕ ಒಂದು ದುಂಡು ಗುರುತು, ಒಂದೂ ಸೊಟ್ಟಗಿಲ್ಲ, ಜೋಡಿ ಗುರುತು, ಜೋಡಿ ಗುರುತು, ತಿರುವಿನ ತನಕ, ಅಲ್ಲಿ ಬಿಳಿ, ಅದರ ಅಂಚಿನಲ್ಲಿ ಕೊನೆಯ ಎರಡು, ಪಕ್ಕಪಕ್ಕ, ಎರಡು ಹೆಜ್ಜೆ ಅಗಲ—